ಜಾಯ್‌ಸ್ಟಿಕ್-ಬಟನ್ ಕಿಟ್ ರಿವ್ಯೂ: ಮುಸ್ತಫಾ ಆಡೋಕೆ ಮೂರು ಜನದ ಆರ್ಕೇಡ್ ಕ್ಯಾಬಿನೆಟ್

ಕಿಟ್‌ಗೆ ಐದಕ್ಕೆ ಮೂರೂವರೆ ಸ್ಟಾರ್ ಕೊಟ್ಟಿದೀನಿ, ಉಳಿದ ಒಂದೂವರೆ ಯಾಕೆ ಕಟ್ ಮಾಡಿದೆ ಅಂತ ಮುಂದೆ ಹೇಳ್ತೀನಿ. ತಗೊಂಡಿದ್ದು ಆನ್‌ಲೈನಲ್ಲಿ ಸಿಗೋ ಬ್ರ್ಯಾಂಡ್ ಹೆಸರಿಲ್ಲದ ಎರಡು ಪ್ಲೇಯರ್ ಆರ್ಕೇಡ್ ಕಿಟ್, ಅದ್ರಲ್ಲಿ ಜಾಯ್‌ಸ್ಟಿಕ್ ಎರಡು, 30 ಎಂಎಂ ಬಟನ್ 16, 24 ಎಂಎಂ ಬಟನ್ 4, ಝೀರೋ ಡಿಲೇ ಅಂತಾರಲ್ಲ ಆ ಯುಎಸ್‌ಬಿ ಎನ್‌ಕೋಡರ್ ಬೋರ್ಡು (ಬಟನ್ ಒತ್ತಿದ್ದನ್ನ ಕಂಪ್ಯೂಟರಿಗೆ ತಿಳಿಸೋದು) ಎರಡು, ಆಮೇಲೆ ಒಂದು ಕಟ್ಟು ವೈರು. ಬಳಸೋಕೆ ಶುರು ಮಾಡಿ ಎಂಟು ತಿಂಗಳಾಯ್ತು. ಬಾಕ್ಸ್ ತೆಗೆದ ದಿನಾನೇ ಬರೆದಿದ್ರೆ ಐದಕ್ಕೈದು ಕೊಡ್ತಿದ್ದೆ, ಎಂಟು ತಿಂಗಳು ಹುಡುಗ್ರು ದೊಡ್ಡೋರು ಎಲ್ಲಾ ಸೇರಿ ಕುಟ್ಟಿದ ಮೇಲೆ ಗೊತ್ತಾಗೋದು ಬೇರೆ.

ಮನೇಲೇ ಆರ್ಕೇಡ್ ಕ್ಯಾಬಿನೆಟ್, ಅಂದ್ರೆ ಅಂಗಡಿಯಲ್ಲಿ ಇರ್ತಿತ್ತಲ್ಲ ಆ ಥರದ ವಿಡಿಯೋ ಗೇಮ್ ಡಬ್ಬ, ಮಾಡೋ ಕೆಲಸಕ್ಕೆ ಯಾಕೆ ಕೈ ಹಾಕಿದೆ ಅಂದ್ರೆ, ನಾವು ಚಿಕ್ಕೋರಿದ್ದಾಗ ದಾವಣಗೆರೆಯಲ್ಲಿ ವಿಡಿಯೋ ಗೇಮ್ ಅಂಗಡಿ ಇದ್ವು, ಒಂದು ರೂಪಾಯಿಗೆ ಒಂದು ಕಾಯಿನ್, ಸ್ಕೂಲ್ ಬಿಟ್ಟ ತಕ್ಷಣ ನಾನು, ನಮ್ಮಣ್ಣ, ಚಿಕ್ಕಪ್ಪನ ಮಗ ಮೂರೂ ಜನ ಒಂದೇ ಮಷಿನ್ ಮುಂದೆ. ಆಟ ಯಾವ್ದು ಅಂತ ಆ ವಯಸ್ಸಿನೋರಿಗೆ ಹೇಳೋದೇ ಬೇಡ, ಮುಸ್ತಫಾ. ಅದ್ರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಬಿಟ್ಟಿದ್ದು, ಆದ್ರೆ ಹಳದಿ ಟೋಪಿ ಹಾಕ್ಕೊಂಡು ಓಡಿಬಂದು ಒದಿಯೋನ ಹೆಸರೇ ನಮ್ ಕಡೆ ಆಟದ ಹೆಸರಾಗಿಬಿಡ್ತು. ನಾಲ್ಕು ಜನ ಹೀರೋಗಳು, ಒಂದೇ ಸಲಕ್ಕೆ ಮೂರು ಜನ ಆಡಬಹುದು. ಈ ಮೂರು ಅನ್ನೋ ಲೆಕ್ಕನೇ ನನ್ನ ಇಡೀ ಕ್ಯಾಬಿನೆಟ್‌ನ ನಿರ್ಧಾರ ಮಾಡಿದ್ದು.

ಮೊದಲನೇ ಸಲ ಮಾಡೋರಿಗೆ ನಾನು ಹೇಳೋದು ಇದೊಂದೇ. ಎಲ್ರೂ ಶುರು ಮಾಡೋದು ರಾಸ್‌ಬೆರಿ ಪೈ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಯಾವ್ದು ತಗೊಳ್ಳಿ, ಮಾನಿಟರ್ ಎಷ್ಟು ಇಂಚು ಅಂತ, ಅಲ್ಲಿಂದ ಶುರು ಮಾಡಬೇಡ್ರಿ. ಯಾವ ಆಟ, ಒಂದೇ ಸಲಕ್ಕೆ ಎಷ್ಟು ಜನ, ಇದನ್ನ ಪೇಪರಲ್ಲಿ ಬರೀರಿ, ಉಳಿದಿದ್ದೆಲ್ಲಾ ಅದ್ರ ಹಿಂದೆ ತಾನಾಗೇ ಬರ್ತತೆ. ಪ್ಯಾಕ್‌ಮ್ಯಾನ್ (1980) ಆಡೋಕೆ ಬಟನ್ನೇ ಬೇಡ, ಸ್ಟಿಕ್ ಸಾಕು, ಆದ್ರೆ ಸ್ಟಿಕ್ ನಾಲ್ಕು ದಿಕ್ಕಿಗೆ ಮಾತ್ರ ಹೋಗೋದಿರಬೇಕು, ಇಲ್ಲಾಂದ್ರೆ ಮೂಲೆಗೆ ಬಿದ್ದು ತಿರುವಲ್ಲಿ ಸಿಕ್ಕಾಕೋತತೆ. ಸ್ಟ್ರೀಟ್ ಫೈಟರ್ 2 (1991) ಆಡಬೇಕಂದ್ರೆ ಎಂಟು ದಿಕ್ಕು, ಒಬ್ಬೊಬ್ಬರಿಗೆ ಆರು ಬಟನ್. ಕಿಂಗ್ ಆಫ್ ಫೈಟರ್ಸ್ 97ಕ್ಕೆ ನಾಲ್ಕು. ಮುಸ್ತಫಾಗೆ ಎರಡೇ, ಹೊಡೆಯೋದು ಹಾರೋದು, ಎರಡೂ ಒಟ್ಟಿಗೆ ಒತ್ತಿದ್ರೆ ಸ್ಪೆಷಲ್. ಜೊತೆಗೆ ಸ್ಟಾರ್ಟ್ ಬಟನ್ ಒಂದು, ಕಾಯಿನ್ ಹಾಕಿದ ಲೆಕ್ಕಕ್ಕೆ ಒತ್ತೋ ಬಟನ್ ಒಂದು ಎಲ್ರಿಗೂ ಬೇಕೇ ಬೇಕು.

ಈಗ ಕಿಟ್ಟಿನ ಲೆಕ್ಕ ನೋಡ್ರಿ. 30 ಎಂಎಂದು 16 ಬಟನ್ ಇದಾವೆ, ಮೊದಲನೆಯವನಿಗೆ 6, ಎರಡನೆಯವನಿಗೆ 6, ಮೂರನೆಯವನಿಗೆ 4, ಸರಿಯಾಗಿ ಹದಿನಾರು! ಚಿಕ್ಕ ಬಟನ್ ನಾಲ್ಕು ಇಬ್ಬರ ಸ್ಟಾರ್ಟು ಕಾಯಿನ್ನಿಗೆ ಹೋಯ್ತು. ಅಂದ್ರೆ ಮೂರನೇ ಪ್ಲೇಯರ್‌ಗೆ ಬಿಡಿಯಾಗಿ ಒಂದು ಸ್ಟಿಕ್, ಒಂದು ಎನ್‌ಕೋಡರ್, ಎರಡು ಚಿಕ್ಕ ಬಟನ್ ತಗೊಂಡ್ರೆ ಮುಗೀತು, ಇನ್ನೊಂದು ಪೂರ್ತಿ ಕಿಟ್ ಬೇಕಾಗಲ್ಲ. ಇದನ್ನ ಲೆಕ್ಕ ಹಾಕಿದ ರಾತ್ರಿ ನಂಗೆ ನಿಜವಾಗ್ಲೂ ಬಹಳ ಖುಷಿಯಾಯ್ತು. ಅದ್ರ ಕೊರತೆ ಆಮೇಲೆ ಕಾಣ್ತು, ಒಂದೂ ಸ್ಪೇರ್ ಬಟನ್ ಉಳಿಯಲ್ಲ.

ಕ್ಯಾಬಿನೆಟ್ ಮಾಡೋ ಮುಂಚೆ ಹದಿನೈದು ದಿನ ಬರೀ ರಟ್ಟಿನ ಡಬ್ಬದಲ್ಲಿ ಆಡಿದ್ವಿ. ಫ್ರಿಜ್ ಬಂದಿದ್ ರಟ್ಟು ಇತ್ತು, ಅದನ್ನ ಮಡಚಿ ಟೇಪ್ ಸುತ್ತಿ, ಕಟರಲ್ಲಿ ತೂತು ಕೊರ್ದು ಬಟನ್ ಹಾಕಿ ಡೈನಿಂಗ್ ಟೇಬಲ್ ಮೇಲಿಟ್ಟು ಟಿವಿಗೆ ಕನೆಕ್ಟ್ ಮಾಡಿದೆ. ಇದನ್ನ ದಯವಿಟ್ಟು ಯಾರೂ ತಪ್ಪಿಸಬೇಡ್ರಿ. ಒಂದು ಸ್ಟಿಕ್ಕಿಂದ ಪಕ್ಕದ ಸ್ಟಿಕ್ಕಿಗೆ 9 ಇಂಚು ಸಾಕು ಅನ್ಕೊಂಡಿದ್ದೆ, ಹುಡುಗರಿದ್ದಾಗ ಸಾಕಾಗ್ತಿತ್ತೋ ಏನೋ, ಈಗ ಮೂರು ಜನ ನಿಂತ್ರೆ ಮೊಣಕೈಗೆ ಮೊಣಕೈ ಹೊಡಿತತೆ. ಕೊನೆಗೆ 13 ಇಂಚಿಗೆ ನಿಲ್ಲಿಸಿದ್ವಿ. ಬಟನ್‌ಗಳ ಮಧ್ಯ ಅಂದ್ರೆ ಒಂದರ ನಡುವಿಂದ ಇನ್ನೊಂದರ ನಡುವಿಗೆ 36 ಎಂಎಂ ಇಟ್ರೆ ಬೆರಳು ಆರಾಮಾಗಿ ಕೂರ್ತವೆ. ಹಂಗೆ ಲೆಕ್ಕ ಹಾಕಿದ್ರೆ ಪ್ಯಾನೆಲ್ಲು 40 ಇಂಚು ಅಗಲ ಆಯ್ತು, ನಮ್ಮನೆ ರೂಮಿನ ಬಾಗಿಲು ಅಳೆದು ನೋಡಿದ್ರೆ 33! ಅದಕ್ಕೇ ಪ್ಯಾನೆಲ್ ಬೇರೆ, ಡಬ್ಬ ಬೇರೆ, ಮಧ್ಯ ನಾಲ್ಕು ಬೋಲ್ಟು, ಬಿಚ್ಚಿ ಒಳಗೆ ತಗೊಂಡು ಹೋಗಿ ಮತ್ತೆ ಕೂಡಿಸೋ ಥರ ಮಾಡಿಸಿದ್ದು. ಬಾಗಿಲು ಅಳೀದೆ ಯಾರೂ ಪ್ಲೈವುಡ್ ಕೊಯ್ಸಬೇಡ್ರಿ.

ಇನ್ನು ಕಿಟ್ಟಿನ ಬಟನ್. ಒಂದೂವರೆ ಸ್ಟಾರಲ್ಲಿ ಒಂದು ಸ್ಟಾರ್ ಇಲ್ಲೇ ಹೋಯ್ತು. ಆರ್ಕೇಡ್ ಬಟನ್ ಎರಡು ಥರ ಇರ್ತವೆ, ಒಂದು ಕ್ಲಿಪ್ಪಿಂದು, ತಳ್ಳಿದ್ರೆ ಟಕ್ ಅಂತ ಕೂರ್ತತೆ, ಇನ್ನೊಂದು ಉದ್ದ ಕುತ್ತಿಗೆದು, ಕೆಳಗಿಂದ ನಟ್ ಹಾಕಿ ಬಿಗಿ ಮಾಡೋದು. ಕ್ಲಿಪ್ಪಿಂದು ತೆಳ್ಳನೆ ತಗಡು ಅಥವಾ ಅಕ್ರಿಲಿಕ್‌ಗೆ ಮಾಡಿರೋದು, 18 ಎಂಎಂ ಪ್ಲೈವುಡ್‌ಗೆ ಹಾಕಿದ್ರೆ ಕ್ಲಿಪ್ಪು ಹಿಡಿಯೋಕೆ ಜಾಗಾನೇ ಸಿಗಲ್ಲ, ಎತ್ತಿದ್ರೆ ಕೈಗೆ ಬರ್ತತೆ. ಕಿಟ್ಟಲ್ಲಿ ಬಂದಿದ್ದು ಕ್ಲಿಪ್ಪಿಂದು. ಮಾರೋರ ಫೋಟೋದಲ್ಲಿ ನಟ್ ಇರೋದು ತೋರಿಸಿ ಕಳಿಸಿದ್ದು ಇದು, ಮೆಸೇಜ್ ಮಾಡಿದ್ರೆ ಉತ್ತರಾನೇ ಇಲ್ಲ, ರಿಟರ್ನ್ ದಿನ ಮುಗಿಯೋವರೆಗೂ ಸುಮ್ನಿದ್ರು. ಇದು ನಂಗೆ ಇವತ್ತಿಗೂ ಬೇಜಾರು. ದುಡ್ಡಿನ ವಿಷಯ ಅಲ್ಲ, ಅಳತೆ ಹಾಕ್ಕೊಂಡು ಕೂತಿರೋನಿಗೆ ಬೇರೆ ವಸ್ತು ಕಳಿಸಿದ್ರೆ ಅವನ ಇಡೀ ಪ್ಲಾನ್ ಕೆಡ್ತತೆ.

ಇದನ್ನ ಸರಿ ಮಾಡಿದ್ದು ನಮ್ಮ ಬಡಗಿ ಮೇಸ್ತ್ರಿ. ಹಳೇ ಕಾಲದೋರು, ಅಡುಗೆಮನೆ ಕಬೋರ್ಡ್ ಮಾಡೋದ್ರಲ್ಲಿ ಪಳಗಿದ ಕೈ, ವಿಡಿಯೋ ಗೇಮ್ ಅಂದ್ರೆ ಏನಂತ ನಾನೇ ಕೂರಿಸಿಕೊಂಡು ತೋರಿಸಬೇಕಾಯ್ತು. ತೂತು ಹೊಡೆಯೋ ಮಾತು ಬಂದಾಗ ಕಬೋರ್ಡ್ ಬಾಗಿಲಿನ ಆಟೋ ಹಿಂಜ್ ಕೂರಿಸೋ 35 ಎಂಎಂ ಡ್ರಿಲ್ ಬಿಟ್ ತೆಗೆದ್ರು. "ಇದು ದೊಡ್ಡದಾಗ್ತತೆ ಮೇಸ್ತ್ರಿ, ಬಟನ್ನಿನ ಅಂಚೇ 33 ಎಂಎಂ ಐತೆ, ಒಳಗೆ ಬಿದ್ದೋಗ್ತತೆ" ಅಂದೆ. ಅವ್ರು ಬಟನ್ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು, ಆಮೇಲೆ "ಸಾರ್, ಮೇಲೆ ಒಂದು ತೆಳ್ಳನೆ ಶೀಟು ಬರ್ತತೆ ಅಂದಿದ್ರಲ್ಲ, ಬಟನ್ ಅದಕ್ಕೆ ಹಿಡ್ಕೊಳ್ಳಿ, ಮರದಾಗೆ ದೊಡ್ ತೂತೇ ಇರ್ಲಿ ಬಿಡ್ರಿ" ಅಂದ್ರು. ಅದೇ ಸರಿಹೋಯ್ತು. 12 ಎಂಎಂ ಪ್ಲೈವುಡ್‌ಗೆ 35ರ ತೂತು, ಅದ್ರ ಮೇಲೆ 3 ಎಂಎಂ ಅಕ್ರಿಲಿಕ್ ಶೀಟು, ಅದ್ರಲ್ಲಿ 30ರ ತೂತು. ಕ್ಲಿಪ್ಪು ಅಕ್ರಿಲಿಕ್ಕಿಗೆ ಟಕ್ ಅಂತ ಕೂತ್ಕೊಂಡ್ತು, ಮರ ಕೆಳಗಿಂದ ಬಲ ಕೊಡ್ತತೆ. ಅಕ್ರಿಲಿಕ್ ಡ್ರಿಲ್ ಮಾಡೋಕೆ ಹೋಗ್ಬೇಡ್ರಿ, ಬಿರುಕು ಬಿಡ್ತತೆ, ನೇಮ್ ಬೋರ್ಡ್ ಮಾಡೋ ಅಂಗಡಿಯಲ್ಲಿ ಲೇಸರ್ ಕಟಿಂಗ್ ಮಷಿನ್ ಇರ್ತತೆ, ಡ್ರಾಯಿಂಗ್ ಫೈಲ್ ಪೆನ್‌ಡ್ರೈವಲ್ಲಿ ಕೊಟ್ರೆ ಕಟ್ ಮಾಡಿ ಕೊಡ್ತಾರೆ. ನಾನು ಮಾಡಿಸಿದ ಕಡೆ ಅರ್ಧ ಗಂಟೆ ಕೆಲಸ, ತೂತೆಲ್ಲಾ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅದೇ ಅಂಗಡಿಯಲ್ಲೇ ಶೀಟಿನ ಅಡಿಗೆ ಹಾಕೋಕೆ ವಿನೈಲ್ ಪ್ರಿಂಟು, ಮೇಲ್ಗಡೆ ಹೆಸರಿನ ಪಟ್ಟಿಗೆ ಬ್ಯಾಕ್‌ಲಿಟ್ ಫ್ಲೆಕ್ಸು ಎರಡೂ ಹೊಡೆಸಿದೆ. ಫ್ಲೆಕ್ಸ್ ಹಿಂದೆ 12 ವೋಲ್ಟ್ ಎಲ್‌ಇಡಿ ಪಟ್ಟಿ ಅಂಟಿಸಿದ್ರೆ ಹಳೇ ಅಂಗಡಿ ಮಷಿನ್ ಥರಾನೇ ಕಾಣ್ತತೆ, ನಮ್ದ್ರ ಮೇಲೆ ಹೆಸರು ಕನ್ನಡದಲ್ಲೇ ಬರೆಸಿದೀನಿ.

ಜಾಯ್‌ಸ್ಟಿಕ್ ಬಗ್ಗೆ. ಜಪಾನಿನ ಸಾನ್ವಾ ಕಂಪನಿಯ ಸ್ಟಿಕ್ ನೋಡಿ ಮಾಡಿರೋ ನಕಲು ಇದು, ಮೇಲೆ 35 ಎಂಎಂ ಗುಂಡು, ಕೆಳಗೆ ಚೌಕ ಗೇಟು (ಸ್ಟಿಕ್ ಎಲ್ಲೀವರೆಗೆ ವಾಲಬಹುದು ಅಂತ ತಡೆಯೋ ಚೌಕಟ್ಟು), ಐದು ಪಿನ್ನಿನ ಒಂದೇ ವೈರು ಬೋರ್ಡಿಗೆ ಚುಚ್ಚಿದ್ರೆ ಮುಗೀತು. ಕೂರಿಸೋವಾಗ ಗುಂಡು ಬಿಚ್ಚಬೇಕು, ಕೆಳಗಡೆ ಶಾಫ್ಟಿನ ತುದಿಯಲ್ಲಿ ಗೀರು ಇರ್ತತೆ, ಅಲ್ಲಿ ಸ್ಕ್ರೂಡ್ರೈವರ್ ಹಿಡಿದು ಗುಂಡು ತಿರುಗಿಸ್ರಿ. ಮರ ದಪ್ಪ ಆದಷ್ಟೂ ಸ್ಟಿಕ್ಕು ಮೇಲೆ ಗಿಡ್ಡ ಆಗ್ತತೆ, ಅದಕ್ಕೇ ಕೆಳಗಿಂದ ಮರ ಕೊರೆಯೋ ರೂಟರ್ ಮಷಿನಲ್ಲಿ ಪ್ಲೇಟಿನ ಅಳತೆಗೆ ಹಳ್ಳ ತೆಗೆಸಿ, ಮೇಲಿಂದ ತಲೆ ಮುಳುಗೋ ಬೋಲ್ಟ್ ಹಾಕಿಸಿದ್ವಿ, ಬೋಲ್ಟಿನ ತಲೆ ವಿನೈಲ್ ಅಡಿಯಲ್ಲಿ ಮುಚ್ಚಿ ಹೋಯ್ತು. ಎಂಟು ತಿಂಗಳಿಗೆ ಮೂರರಲ್ಲಿ ಒಂದು ಸ್ಟಿಕ್ಕಿನ ಬಲಗಡೆ ಮೈಕ್ರೋಸ್ವಿಚ್ (ಒಳಗಿರೋ ಪುಟ್ಟ ಸ್ವಿಚ್ಚು) ಸತ್ತಿದೆ, ಸ್ಪ್ರಿಂಗೂ ಸ್ವಲ್ಪ ಸಡಿಲ. ಆ ಜಾಗಕ್ಕೆ ಅಸಲಿ ಸಾನ್ವಾ ಜೆಎಲ್‌ಎಫ್ ತರಿಸಿ ಹಾಕಿದೆ, ಪ್ಲೇಟಿನ ತೂತು ಹಂಗೇ ಕೂಡ್ಕೊಂಡ್ತು, ಮರ ಮುಟ್ಟೋ ಕೆಲಸಾನೇ ಬರ್ಲಿಲ್ಲ. ಎರಡರ ವ್ಯತ್ಯಾಸ ಕೈಗೆ ಗೊತ್ತಾಗ್ತತೆ, ಅಸಲಿ ಬಿಟ್ಟ ತಕ್ಷಣ ನಡುವಿಗೆ ಬಂದು ನಿಲ್ತತೆ, ನಕಲಿ ಸ್ವಲ್ಪ ನಡುಗಿ ನಿಲ್ತತೆ. ನನ್ನ ಮಾತು ಕೇಳೋದಾದ್ರೆ ದುಡ್ಡು ಇರೋದನ್ನ ಸ್ಟಿಕ್ಕಿಗೆ ಹಾಕ್ರಿ, ಕೈ ಇರೋದು ಅಲ್ಲೇ. ಉಳಿದ ಅರ್ಧ ಸ್ಟಾರ್ ಹೋಗಿದ್ದು ಈ ಸ್ವಿಚ್ಚಿಗೆ.

ಎನ್‌ಕೋಡರ್ ಬೋರ್ಡು ಮಾತ್ರ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬಟನ್ನಿಂದ ವೈರ್ ತಂದು ಚುಚ್ಚೋದು, ಯುಎಸ್‌ಬಿ ಹಾಕೋದು, ಕಂಪ್ಯೂಟರ್ ಅದನ್ನ ಗೇಮ್‌ಪ್ಯಾಡ್ ಅಂತ ನೋಡ್ತತೆ, ಬೆಸುಗೆ ಕೆಲಸ ಒಂದೂ ಇಲ್ಲ. ಝೀರೋ ಅನ್ನೋದು ಹೆಸರು ಅಷ್ಟೇ, ಸ್ವಲ್ಪ ಮಿಲಿಸೆಕೆಂಡ್ ತಡ ಇದ್ದೇ ಇರ್ತತೆ, ಆದ್ರೆ ಮುಸ್ತಫಾ ಆಡೋರಿಗೆ ಅದು ಗೊತ್ತೇ ಆಗಲ್ಲ, ಅದಕ್ಕಿಂತ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡದೇ ಇದ್ರೆ ಆಗೋ ತಡಾನೇ ಜಾಸ್ತಿ. ಎರಡು ವಿಷಯ ನೆನಪಿಟ್ಕೊಳ್ರಿ. ಮೈಕ್ರೋಸ್ವಿಚ್ಚಲ್ಲಿ ಮೂರು ಕಾಲು ಇರೋದು ಬಂದ್ರೆ ಕಾಮನ್ ಮತ್ತೆ ಎನ್‌ಓ (ಒತ್ತಿದಾಗ ಮಾತ್ರ ಕೂಡೋದು) ಅಂತ ಬರೆದಿರೋದಕ್ಕೆ ವೈರ್ ಹಾಕ್ರಿ, ಎನ್‌ಸಿಗೆ ಹಾಕಿದ್ರೆ ಒತ್ತದೇ ಇದ್ರೂ ಒತ್ತಿದಂಗೆ ತೋರಿಸ್ತತೆ. ಮತ್ತೆ ವೈರಿನ ತುದಿಯ ಕ್ಲಿಪ್ಪಲ್ಲಿ 2.8 ಎಂಎಂ, 4.8 ಎಂಎಂ ಅಂತ ಎರಡು ಅಳತೆ ಬರ್ತವೆ, ಬಟನ್ ಯಾವ್ದಿದೆ ನೋಡ್ಕೊಂಡೇ ಆರ್ಡರ್ ಮಾಡ್ರಿ, ನಾನು ಬಿಡಿಯಾಗಿ ತಗೊಂಡ ಎರಡು ಚಿಕ್ಕ ಬಟನ್ನಿಗೆ ಇದೇ ಕಾರಣಕ್ಕೆ ವೈರ್ ಮತ್ತೆ ತರಿಸಬೇಕಾಯ್ತು.

ಮೂರು ಬೋರ್ಡು ಹಾಕಿದಾಗ ಒಂದು ತೊಂದ್ರೆ ಬಂತು. ಮೂರೂ ಕಂಪ್ಯೂಟರಿಗೆ ಒಂದೇ ಹೆಸರು ಹೇಳ್ತವೆ, ಆಫ್ ಮಾಡಿ ಆನ್ ಮಾಡಿದ್ರೆ ಅಣ್ಣನ ಸ್ಟಿಕ್ಕಿಗೆ ನನ್ನ ಹೀರೋ ಓಡ್ತಾನೆ. ಯಾವ ಬೋರ್ಡ್ ಯಾವ ಯುಎಸ್‌ಬಿ ತೂತಿಗೆ ಅಂತ ಸ್ಟಿಕ್ಕರ್ ಅಂಟಿಸಿ, ಅಲ್ಲಿಂದ ಕದಲಿಸದೇ ಇಟ್ಟ ಮೇಲೆ ನಮ್ದು ಸರಿಯಾಯ್ತು. ಪೈನಲ್ಲಿ ಯುಎಸ್‌ಬಿ ನಾಲ್ಕು, ಮೂರು ಎನ್‌ಕೋಡರ್‌ಗೆ, ಒಂದು ಕೀಬೋರ್ಡಿಗೆ. ಇದೆಲ್ಲಾ ಬೇಡ ಅನ್ನೋರಿಗೆ ಅಲ್ಟಿಮಾರ್ಕ್‌ನೋರ ಐಪ್ಯಾಕ್ 4 ಅಂತ ಒಂದೇ ಬೋರ್ಡಲ್ಲಿ ನಾಲ್ಕು ಜನಕ್ಕೆ ಆಗೋದು ಐತೆ, ಅದು ಕೀಬೋರ್ಡ್ ಥರ ಕೆಲಸ ಮಾಡ್ತತೆ, ಹೊರದೇಶದಿಂದ ಬರಬೇಕು, ಕಸ್ಟಮ್ಸೂ ಸೇರಿ ಮೊದಲನೇ ಕ್ಯಾಬಿನೆಟ್ಟಿಗೆ ಭಾರ ಅನ್ನಿಸ್ತು.

ಕಂಪ್ಯೂಟರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ್ರಿ. ತೊಂಬತ್ತರ ದಶಕದ ಇಂಥ ಆಟಕ್ಕೆ ರಾಸ್‌ಬೆರಿ ಪೈ 4ರ 2 ಜಿಬಿದೇ ಸಾಕು, ಮನೇಲಿ ಹಳೇ ಡೆಸ್ಕ್‌ಟಾಪ್ ಇದ್ರೆ ಅದೂ ಸಾಕು, ಬಾಟೊಸೆರಾ ಅನ್ನೋ ಹಳೇ ಆಟ ಆಡಿಸೋ ಆಪರೇಟಿಂಗ್ ಸಿಸ್ಟಮ್ ಪೆನ್‌ಡ್ರೈವಿಗೆ ಹಾಕಿ ಅದ್ರಿಂದಾನೇ ಬೂಟ್ ಮಾಡಬಹುದು. ಪೈ 5 ತಗೊಳ್ಳೋ ಮುಂಚೆ ಒಂದು ನೋಡ್ಕೊಳ್ರಿ, ಅದ್ರಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ, ಪೈ 4ರಲ್ಲಿ ಐತೆ. ಹಳೇ ಮಾನಿಟರ್ ಹಾಕೋರಿಗೆ ಇದು ಮುಖ್ಯ, ಯಾಕಂದ್ರೆ ಎಷ್ಟೋ ಸಲ ಅದ್ರಲ್ಲಿ ಸ್ಪೀಕರ್ ಇರಲ್ಲ, ಡಿವಿಐ ಅನ್ನೋ ಹಳೇ ಮಾನಿಟರ್ ಕೇಬಲ್ಲಲ್ಲಿ ಸೌಂಡೂ ಬರಲ್ಲ, ಜ್ಯಾಕಿಂದ ಒಂದು ಚಿಕ್ಕ ಆಂಪ್ಲಿಫೈಯರ್ ಬೋರ್ಡಿಗೆ, ಅಲ್ಲಿಂದ ಎರಡು ನಾಲ್ಕಿಂಚು ಕಾರ್ ಸ್ಪೀಕರಿಗೆ ಹೋಗಬೇಕು. ಆಂಪ್ಲಿಫೈಯರಿಗೂ ಪೈಗೂ ಒಂದೇ ಸಪ್ಲೈ ಕೊಟ್ಟಾಗ ಗುಂಯ್ ಅನ್ನೋ ಸದ್ದು ಬರ್ತಿತ್ತು, ಬೇರೆ ಅಡಾಪ್ಟರ್ ಕೊಟ್ಟ ಮೇಲೆ ನಿಂತು ಹೋಯ್ತು. ಪೈ 4ಕ್ಕೆ 5 ವೋಲ್ಟ್ 3 ಆಂಪ್ ಅಡಾಪ್ಟರೇ ಬೇಕು, ಮನೇಲಿದ್ದ ಮೊಬೈಲ್ ಚಾರ್ಜರ್ ಹಾಕಿದ್ದಕ್ಕೆ ಪರದೆ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರ್ತಿತ್ತು, ಅಂದ್ರೆ ಕರೆಂಟ್ ಸಾಲ್ತಿಲ್ಲ ಅಂತ. ಬೇಸಿಗೆಯಲ್ಲಿ ನಮ್ಮೂರ ಸೆಕೆ ಗೊತ್ತಲ್ಲ, ಡಬ್ಬದೊಳಗೆ ಇನ್ನೂ ಜಾಸ್ತಿ, ಪೈ 80 ಡಿಗ್ರಿ ದಾಟಿದ್ರೆ ತಾನೇ ನಿಧಾನ ಆಗಿಬಿಡ್ತತೆ, ಹಿಂದಿನ ಹಲಗೆಗೆ ಗಾಳಿ ತೂತು, ಪೈಗೊಂದು ಫ್ಯಾನು ಖಂಡಿತ ಹಾಕ್ರಿ. ಕರೆಂಟ್ ಹೋದಾಗ ಮೆಮೊರಿ ಕಾರ್ಡ್ ಕೆಡೋದು ಇನ್ನೊಂದು, ಒಂದು ಸಲ ಹಂಗಾಗಿ ಎಲ್ಲಾ ಮತ್ತೆ ಹಾಕ್ದೆ, ಈಗ ಕಾರ್ಡಿನ ಕಾಪಿ ಇನ್ನೊಂದು ಕಾರ್ಡಲ್ಲಿ ಇಟ್ಟಿದೀನಿ, ಪ್ಲಗ್ಗೂ ಇನ್ವರ್ಟರ್ ಲೈನಿಗೆ ಹಾಕ್ಸಿದೆ.

ಆಟ ಓಡಿಸೋ ಮಾಮ್ ಎಮ್ಯುಲೇಟರ್ (ಹಳೇ ಮಷಿನ್ ಥರಾನೇ ಕೆಲಸ ಮಾಡೋ ಸಾಫ್ಟ್‌ವೇರ್) ಉಚಿತ, ಅದು ಮೊದಲು ಹೊರಬಂದಿದ್ದು 1997ರಲ್ಲಿ, ನಮ್ಮ ದಾವಣಗೆರೆ ಜಿಲ್ಲೆ ಆದ ವರ್ಷಾನೇ! ಆದ್ರೆ ಆಟದ ಫೈಲು ಬೇರೆ ವಿಷಯ, ಅದ್ರ ಹಕ್ಕು ಆಯಾ ಕಂಪನಿದು, ಅದನ್ನ ತಿಳ್ಕೊಂಡೇ ಮುಂದುವರೀರಿ. ಹಕ್ಕುದಾರರೇ ಮನೆ ಬಳಕೆಗೆ ಬಿಟ್ಟಿರೋ ಗ್ರಿಡ್ಲೀ, ರಾಬಿ ರೋಟೊ ಥರ ಕೆಲವು ಮಾಮ್‌ನೋರ ಸೈಟಲ್ಲೇ ಇದಾವೆ, ವೈರಿಂಗ್ ಟೆಸ್ಟ್ ಮಾಡೋಕೆ ನಾನು ಅವನ್ನೇ ಬಳಸಿದ್ದು.

ಮಾನಿಟರ್: ಹಳೇ ಆಫೀಸ್ ಮಾಲು ಮಾರೋ ಕಡೆ 19 ಇಂಚಿನ ಚೌಕ ಮಾನಿಟರ್ ಸಿಕ್ತು, 1280 ಇಂಟು 1024ದು. ಎಲ್ರೂ 24 ಇಂಚಿನ ಅಗಲದ್ದು ತಗೋ ಅಂದ್ರು, ಲೆಕ್ಕ ಹಾಕಿ ನೋಡ್ರಿ, ಈ ಆಟಗಳ ಚಿತ್ರ 4:3, ಅಗಲದ 24ರಲ್ಲಿ ಎರಡೂ ಕಡೆ ಕಪ್ಪು ಪಟ್ಟಿ ಬಿಟ್ಟು ಉಳಿಯೋದು ಹತ್ರತ್ರ ಹತ್ತೊಂಬತ್ತೂವರೆ ಇಂಚು, ಈ ಹಳೇ 19ರಲ್ಲಿ ಮೇಲೆ ಕೆಳಗೆ ಒಂಚೂರು ಬಿಟ್ಟು ಹದಿನೆಂಟೂವರೆ. ಒಂದಿಂಚಿಗೆ ಅಷ್ಟು ದುಡ್ಡು ಯಾಕೆ. ತಗೊಳ್ಳೋವಾಗ ಆನ್ ಮಾಡಿಸಿ ಮೇಲಿಂದ, ಪಕ್ಕದಿಂದ ಬಗ್ಗಿ ನೋಡ್ರಿ, ಕೆಲವು ಹಳೇ ಪ್ಯಾನೆಲ್ಲು ಮೇಲಿಂದ ನೋಡಿದ್ರೆ ಬಣ್ಣ ಪೂರ್ತಿ ಕೆಡ್ತವೆ, ಮೂರು ಜನ ನಿಂತಾಗ ಒಬ್ಬನಿಗೆ ಸರಿ ಕಾಣ್ತತೆ, ಇಬ್ಬರಿಗೆ ಕಾಣಲ್ಲ. ಹಿಂದೆ ನಾಲ್ಕು ಸ್ಕ್ರೂ ತೂತು 100 ಎಂಎಂ ಚೌಕಕ್ಕೆ ಇದ್ರೆ ಹಲಗೆಗೆ ನೇರ ಬಿಗಿ ಮಾಡಬಹುದು.

ಮರದ ವಿಷಯ ಬೇಗ ಹೇಳ್ತೀನಿ. ಎಂಡಿಎಫ್ ನುಣುಪು, ಪೇಂಟ್ ಚೆನ್ನಾಗಿ ಹಿಡಿತತೆ, ಆದ್ರೆ 18 ಎಂಎಂದು 8 ಇಂಟು 4 ಶೀಟು ಒಂದೇ 40 ಕೆಜಿ ಹತ್ರ ತೂಗ್ತತೆ, ನೀರು ತಾಗಿದ್ರೆ ಉಬ್ಬತತೆ, ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸ್ತಾರಲ್ಲ, ಅಡಿ ಅಂಚು ಉಳಿಯಲ್ಲ. ನಾನು ಪಕ್ಕದ ಹಲಗೆಗೆ 18ರ ಪ್ಲೈವುಡ್ಡು, ಉಳಿದಿದ್ದಕ್ಕೆ 12ರದ್ದು ಹಾಕಿಸಿ ಮೇಲೆ ಕಪ್ಪು ಸನ್‌ಮೈಕಾ ಅಂಟಿಸಿದೆ. "ಇದ್ರ ಕೆಳಗೆ ಕಸ ಹೊಡೆಯೋದು ಹೆಂಗಪ್ಪಾ" ಅಂತ ಅವ್ವ ಕೇಳಿದ್ಲು, ಅದಕ್ಕೆ ಲಾಕ್ ಇರೋ ನಾಲ್ಕು ಗಾಲಿ. ಅವ್ವ ಕೇಳದೇ ಇದ್ದಿದ್ರೆ ಆ ಗಾಲಿ ನನ್ನ ಡ್ರಾಯಿಂಗಲ್ಲೇ ಇರ್ತಿರ್ಲಿಲ್ಲ, ಈಗ ವೈರಿಂಗ್ ರಿಪೇರಿಗೆ ಹಿಂದೆ ಹೋಗಬೇಕಂದ್ರೆ ಒಂದೇ ಕೈಯಲ್ಲಿ ಎಳಿತೀನಿ.

ಹೋದ ತಿಂಗಳು ಅಣ್ಣ ಬೆಂಗಳೂರಿಂದ ಬಂದಿದ್ದ, ಚಿಕ್ಕಪ್ಪನ ಮಗನೂ ಮಿರ್ಚಿ ಮಂಡಕ್ಕಿ ಕಟ್ಟಿಸ್ಕೊಂಡು ಬಂದ, ರಾತ್ರಿ ಊಟ ಆದ್ಮೇಲೆ ಮೂರೂ ಜನ ನಿಂತ್ವಿ. ಅಣ್ಣ ಮಾತಾಡದೇ ಹೋಗಿ ಎಡಗಡೆ ಸ್ಟಿಕ್ ಹಿಡ್ಕೊಂಡ, ಅಂಗಡಿಯಲ್ಲೂ ಅವನದ್ದು ಅದೇ ಜಾಗ. ಕೊನೆಗೆ ಅವನ ಹೊಡೆಯೋ ಬಟನ್ನೇ ಒಳಗೆ ಸಿಕ್ಕಾಕ್ಕೊಂಡು ಮೇಲೆ ಬರ್ಲಿಲ್ಲ, ಸ್ಪೇರ್ ಇಲ್ಲ, ಮೂರನೆಯವನ ಕಡೆ ಖಾಲಿ ಇದ್ದ ಬಟನ್ನು ಕಿತ್ತು ಹಾಕಿ ಆಟ ಮುಂದುವರಿಸಿದ್ವಿ. ಹಂಗಾಗಿ ಕಿಟ್ ಜೊತೆಗೇ 30 ಎಂಎಂ ಬಟನ್ ನಾಲ್ಕು, ಮೈಕ್ರೋಸ್ವಿಚ್ ನಾಲ್ಕು ಹೆಚ್ಚಿಗೆ ಆರ್ಡರ್ ಹಾಕ್ರಿ, ಆರ್ಡರ್ ಹಾಕೋ ಮುಂಚೆ ಕ್ಲಿಪ್ಪಿಂದಾ ನಟ್ಟಿಂದಾ ಅಂತ ಮಾರೋರ ಹತ್ರ ಮೆಸೇಜಲ್ಲೇ ಬರೆಸ್ಕೊಳ್ರಿ. ಅಕ್ರಿಲಿಕ್ ಕಟಿಂಗ್ ಡ್ರಾಯಿಂಗ್ ಮೂರು ಜನದ್ದು ನನ್ನ ಹತ್ರ ಐತೆ, ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಯಾರಾದ್ರೂ ಮಾಡೋರಿದ್ರೆ ಕೇಳ್ರಿ, ಕೊಡ್ತೀನಿ.